ಒಂದು ಚಿಟಿಕೆ ಕೂದಲಿನಲ್ಲಿ ಏನೇನಿದೆ?

ಕಳೆದ ವರ್ಷದ ಮಾತು. ಬಸವೇಶ್ವರನಗರದ ಕಡೆಯಿಂದ ತಾಯಿಯೊಬ್ಬರು ಆರು ವರ್ಷದ ಮಗನನ್ನು ಕರೆದುಕೊಂಡು ವಿಜಯನಗರದಲ್ಲಿರುವ ನನ್ನ ಕ್ಲಿನಿಕ್ಕಿಗೆ ಬಂದರು. ಹುಡುಗ ಬಿಳಿಚಿಕೊಂಡಿದ್ದ. ಊಟ ಸೇರುವುದಿಲ್ಲ, ಆಗಾಗ ಹೊಟ್ಟೆನೋವು, ಶಾಲೆಯಲ್ಲಿ ಪಾಠದ ಕಡೆ ಗಮನವಿಲ್ಲ, ಸಾಲದ್ದಕ್ಕೆ ಬಳಪ, ಗೋಡೆಯ ಸುಣ್ಣ ತಿನ್ನುವ ಚಟ ಬೇರೆ ಎಂದು ಆಕೆ ಹೇಳಿದರು. ಆಮೇಲೆ ಚೀಲದಿಂದ ಬಣ್ಣಬಣ್ಣದ ನಾಲ್ಕು ಪುಟಗಳ ವರದಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟ್ರೇ, ಪರಿಚಯದವರು ಹೇಳಿದ್ರು ಅಂತ ಇವನ ಕೂದಲು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ವಿ. ಇಪ್ಪತ್ತೆರಡು ಲೋಹ ನೋಡಿದ್ದಾರೆ. ಏಳು ಕೆಂಪಲ್ಲಿವೆ. ಮೈಯಿಂದ ಲೋಹ ಇಳಿಸೋ ಔಷಧಿ ಆರು ತಿಂಗಳು ಕೊಡಬೇಕಂತೆ. ಶುರು ಮಾಡೋಣ್ವಾ?"

"ಸ್ವಲ್ಪ ತಡೀರಮ್ಮ" ಎಂದೆ. ವರದಿ ಓದಿದೆ. ಕೆಂಪು ಬಣ್ಣದ ಏಳರಲ್ಲಿ ಸೆಲೆನಿಯಂ ಇತ್ತು, ಸತು ಇತ್ತು, ಕೊನೆಯಲ್ಲಿ ಸೀಸವೂ ಇತ್ತು. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು? ಇಂಥ ವರದಿ ಹಿಡಿದು ಬರುವವರ ಸಂಖ್ಯೆ ಈಚೆಗೆ ಹೆಚ್ಚುತ್ತಿರುವುದರಿಂದ, ದೇಹದಲ್ಲಿ ಕಣದಷ್ಟಿರುವ ಧಾತುಗಳನ್ನು ಹೇಗೆ ಅಳೆಯುತ್ತಾರೆ, ಆ ಅಳತೆ ಎಲ್ಲಿ ಸರಿ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಈ ವಾರ ವಿವರವಾಗಿ ತಿಳಿಯೋಣ. ಹುಡುಗನ ಕತೆಯನ್ನು ಕೊನೆಗೆ ಹೇಳುತ್ತೇನೆ.

ಲೇಶಧಾತು ಎಂದರೇನು?

ನಮ್ಮ ದೇಹದ ತೂಕದ ಬಹುಪಾಲು ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಈ ನಾಲ್ಕರಿಂದಲೇ ಆಗಿದೆ. ಮೂಳೆ ಹಲ್ಲುಗಳಲ್ಲಿ ಕ್ಯಾಲ್ಸಿಯಂ, ರಂಜಕ. ರಕ್ತ, ಸ್ನಾಯುಗಳಲ್ಲಿ ಸೋಡಿಯಂ, ಪೊಟಾಸಿಯಂ. ಇವೆಲ್ಲ ಧಾರಾಳವಾಗಿ ಇರುವಂಥವು. ಇವಲ್ಲದೆ ಬಹಳ ಕಡಿಮೆ ಪ್ರಮಾಣದಲ್ಲಿ ಇರುವ ಕೆಲವು ಧಾತುಗಳಿವೆ. ಅವೇ ಲೇಶಧಾತುಗಳು. ವಯಸ್ಕನೊಬ್ಬನ ಇಡೀ ದೇಹದಲ್ಲಿರುವ ಕಬ್ಬಿಣ ಸುಮಾರು 4 ಗ್ರಾಂ, ಅಂದರೆ ಒಂದು ಸಣ್ಣ ಮೊಳೆಯಷ್ಟು. ಸತು ಸುಮಾರು 2 ಗ್ರಾಂ. ತಾಮ್ರ 100 ಮಿಲಿಗ್ರಾಂ ಆಸುಪಾಸು. ಅಯೋಡಿನ್ 15ರಿಂದ 20 ಮಿಲಿಗ್ರಾಂ, ಅದರಲ್ಲೂ ಹೆಚ್ಚಿನ ಪಾಲು ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ.

ಪ್ರಮಾಣ ಕಡಿಮೆಯೆಂದು ಕಡೆಗಣಿಸುವಂತಿಲ್ಲ. ಸಾರಿಗೆ ಉಪ್ಪು ಎಷ್ಟು ಹಾಕುತ್ತೇವೆ? ಆದರೆ ಅದಿಲ್ಲದೆ ಸಾರು ಗಂಟಲಿಗಿಳಿಯದು. ಸತುವಿನ ಕೊರತೆಯಿಂದ ಮನುಷ್ಯನ ಬೆಳವಣಿಗೆಯೇ ನಿಂತುಹೋಗುತ್ತದೆ ಎಂಬುದನ್ನು ಜಗತ್ತಿಗೆ ತಿಳಿಸಿದವರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಡಾ. ಆನಂದ ಪ್ರಸಾದ್. 1960ರ ಸುಮಾರಿಗೆ ಇರಾನಿನಲ್ಲಿ ಕೆಲಸ ಮಾಡುತ್ತಿದ್ದಾಗ, ಇಪ್ಪತ್ತು ದಾಟಿದರೂ ಹತ್ತು ವರ್ಷದ ಬಾಲಕರಂತೆ ಕಾಣುತ್ತಿದ್ದ ಯುವಕರನ್ನು ಅವರು ಕಂಡರು. ಆ ಯುವಕರ ಆಹಾರ ಹೆಚ್ಚಾಗಿ ಹುಳಿ ಬರಿಸದ ಗೋಧಿ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಚಟ. ಅವರ ಮೊದಲ ವರದಿ 1961ರಲ್ಲಿ ಪ್ರಕಟವಾಯಿತು. ಮುಂದೆ ಈಜಿಪ್ಟಿನಲ್ಲಿ ನಡೆಸಿದ ಅಧ್ಯಯನಗಳಿಂದ ಇದು ಸತುವಿನ ಕೊರತೆಯೆಂದು ಸ್ಪಷ್ಟವಾಯಿತು. ಇಂದು ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆ ಕೊಡುತ್ತೇವಲ್ಲ, ಅದರ ಹಿಂದಿರುವುದು ಇದೇ ತಿಳಿವಳಿಕೆ.

ಇನ್ನೊಂದು ಗುಂಪಿನ ಧಾತುಗಳಿವೆ: ಸೀಸ, ಪಾದರಸ, ಕ್ಯಾಡ್ಮಿಯಂ, ಹಳಬರು ಪಾಷಾಣವೆನ್ನುತ್ತಿದ್ದ ಆರ್ಸೆನಿಕ್. ಇವುಗಳಿಂದ ದೇಹಕ್ಕೆ ಉಪಕಾರವಿಲ್ಲ, ಅಪಕಾರವೇ. ಕ್ರೋಮಿಯಂ, ಸೆಲೆನಿಯಂನಂಥವು ಪ್ರಮಾಣ ಮೀರಿದರೆ ಅಥವಾ ಬೇರೆ ರೂಪದಲ್ಲಿ ಬಂದರೆ ವಿಷವಾಗುತ್ತವೆ.

40 ಮೂಟೆಯಲ್ಲಿ ಒಂದು ಕಾಳು

ಇವನ್ನು ಅಳೆಯುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಅಕ್ಕಿಯ ಲೆಕ್ಕ ಹಾಕಿ ನೋಡಿ. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಹಾಗಾದರೆ 20 ಕಿಲೋ ಅಕ್ಕಿಯಲ್ಲಿ 10 ಲಕ್ಷ ಕಾಳುಗಳಿರುತ್ತವೆ. ಅದರಲ್ಲಿ ಒಂದು ಕಾಳು ಬಣ್ಣದ್ದಾಗಿದ್ದರೆ ಅದು ಹತ್ತು ಲಕ್ಷದಲ್ಲಿ ಒಂದು ಭಾಗ. ಕಿಲೋಗೆ ಒಂದು ಮಿಲಿಗ್ರಾಂ ಎಂದರೂ ಅದೇ. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ 50 ಕಿಲೋ ತೂಗುವ 40 ಮೂಟೆ ಅಕ್ಕಿಯಲ್ಲಿ ಒಂದೇ ಒಂದು ಕಾಳು! ಯಶವಂತಪುರದ ಮಂಡಿಯಲ್ಲಿ ಒಂದು ಲಾರಿ ಅಕ್ಕಿ ಸುರಿದು ಆ ಒಂದು ಕಾಳನ್ನು ಹುಡುಕಿಕೊಡಿ ಎಂದರೆ ಹೇಗೋ ಹಾಗೆ.

ಒಗ್ಗರಣೆಯ ವಾಸನೆ

ಈ ಹುಡುಕಾಟಕ್ಕೆ ವಿಜ್ಞಾನಿಗಳು ಕಂಡುಕೊಂಡ ಹಲವು ದಾರಿಗಳಲ್ಲಿ ಅತ್ಯಂತ ಚತುರವಾದದ್ದು 'ನ್ಯೂಟ್ರಾನ್ ಸಕ್ರಿಯಣ ವಿಶ್ಲೇಷಣೆ'. ಹೆಸರು ಕೇಳಿ ಹೆದರಬೇಡಿ. ಇದರ ತತ್ವ ನಿಮ್ಮ ಅಡುಗೆಮನೆಯಲ್ಲೇ ಇದೆ.

ಡಬ್ಬಿಯಲ್ಲಿ ತೆಪ್ಪಗೆ ಕುಳಿತ ಸಾಸಿವೆ, ಇಂಗು, ಬೆಳ್ಳುಳ್ಳಿ ಅಷ್ಟಾಗಿ ಸುದ್ದಿ ಮಾಡುವುದಿಲ್ಲ. ಅವನ್ನೇ ಕಾದ ಎಣ್ಣೆಗೆ ಹಾಕಿದಿರೋ, ಬೀದಿಯಲ್ಲಿ ಹೋಗುವವನಿಗೂ ಈ ಮನೆಯಲ್ಲಿ ಏನು ಒಗ್ಗರಣೆ ಎಂದು ಗೊತ್ತಾಗುತ್ತದೆ. ಒಂದೊಂದಕ್ಕೂ ಒಂದೊಂದು ವಾಸನೆ. ಘಾಟು ಜೋರಾಗಿದ್ದರೆ ಹಾಕಿದ್ದು ಹೆಚ್ಚು ಎಂಬುದೂ ತಿಳಿಯುತ್ತದೆ. ಕೆಲವು ವಾಸನೆ ಕ್ಷಣದಲ್ಲಿ ಮಾಯ, ಇಂಗಿನದು ಮಾತ್ರ ಸಂಜೆಯವರೆಗೂ ಮನೆ ಬಿಟ್ಟು ಹೋಗದು.

ಇಲ್ಲಿ ಕಾದ ಎಣ್ಣೆಯ ಕೆಲಸ ಮಾಡುವುದು ನ್ಯೂಟ್ರಾನ್ ಎಂಬ ಕಣ. ಪರಮಾಣುವಿನ ನಟ್ಟನಡುವೆ ಇರುವ ಬೀಜದಲ್ಲಿ ಪ್ರೋಟಾನು, ನ್ಯೂಟ್ರಾನುಗಳಿರುತ್ತವೆ ಎಂದು ಹೈಸ್ಕೂಲಿನಲ್ಲಿ ಓದಿದ್ದೀರಿ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲದ ಕಾರಣ ಅದು ಅಡ್ಡಿಯಿಲ್ಲದೆ ಆ ಬೀಜದೊಳಕ್ಕೆ ನುಗ್ಗಬಲ್ಲದು. ಹೊಸ ನೆಂಟ ಬಂದೊಡನೆ ಪರಮಾಣು ಅಸ್ಥಿರವಾಗುತ್ತದೆ, ಅಂದರೆ ವಿಕಿರಣಶೀಲವಾಗುತ್ತದೆ. ಮತ್ತೆ ನೆಮ್ಮದಿಗೆ ಬರುವಾಗ ಹೆಚ್ಚಿನ ಶಕ್ತಿಯನ್ನು ಗಾಮಾ ಕಿರಣವಾಗಿ ಹೊರಹಾಕುತ್ತದೆ. ಒಂದೊಂದು ಧಾತು ಹೊರಡಿಸುವ ಗಾಮಾ ಕಿರಣಕ್ಕೂ ತನ್ನದೇ ಆದ ಶಕ್ತಿಯಿದೆ. ಆ ಶಕ್ತಿಯನ್ನು ಅಳೆದರೆ ಯಾವ ಧಾತು ಎಂದು ತಿಳಿಯುತ್ತದೆ. ಎಷ್ಟು ಕಿರಣಗಳು ಬಂದವೆಂದು ಎಣಿಸಿದರೆ ಧಾತು ಎಷ್ಟಿದೆ ಎಂದು ತಿಳಿಯುತ್ತದೆ.

ಇದನ್ನು 1936ರಲ್ಲಿ ಮೊದಲು ಮಾಡಿ ತೋರಿಸಿದವರು ಕೋಪನ್‌ಹೇಗನ್‌ನಲ್ಲಿದ್ದ ಜಾರ್ಜ್ ಹೆವೆಸಿ ಮತ್ತು ಹಿಲ್ಡೆ ಲೆವಿ. ಆಗ ಅವರ ಬಳಿ ಇದ್ದದ್ದು ರೇಡಿಯಂ, ಬೆರಿಲಿಯಂ ಸೇರಿಸಿ ಮಾಡಿದ ಪುಟ್ಟ ನ್ಯೂಟ್ರಾನ್ ಆಕರ. ಲೇಶಧಾತುಗಳನ್ನು ಅಳೆಯುವಷ್ಟು ನ್ಯೂಟ್ರಾನುಗಳು ಬೇಕೆಂದರೆ ಸಂಶೋಧನೆಗೆ ಮೀಸಲಾದ ಪರಮಾಣು ರಿಯಾಕ್ಟರ್ ಬೇಕು. ನಮ್ಮ ದೇಶದ ಮೊದಲ ರಿಯಾಕ್ಟರ್ 'ಅಪ್ಸರಾ' ಮುಂಬಯಿಯ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಚಾಲನೆಗೆ ಬಂತು. ತುಮಕೂರಿನಲ್ಲಿ ಹುಟ್ಟಿ ದೇಶದ ಅಣುವಿಜ್ಞಾನದ ಮುಂಚೂಣಿಗೆ ಬಂದ ನಮ್ಮ ಡಾ. ರಾಜಾ ರಾಮಣ್ಣನವರು ಆ ದಿನಗಳಿಂದಲೂ ಟ್ರಾಂಬೆಯ ಕೆಲಸದಲ್ಲಿದ್ದವರು. ಮುಂದೆ 'ಸೈರಸ್' ಬಂತು, 1985ರಲ್ಲಿ 'ಧ್ರುವ' ಬಂತು. ಹಳೆಯ ಅಪ್ಸರಾ 2009ರಲ್ಲಿ, ಸೈರಸ್ 2010ರಲ್ಲಿ ನಿಂತವು. ನವೀಕರಿಸಿದ ಅಪ್ಸರಾ 2018ರಲ್ಲಿ ಮತ್ತೆ ಚಾಲನೆಗೊಂಡಿತು. ನಮ್ಮ ಕೈಗಾದಲ್ಲಿರುವುದು ವಿದ್ಯುತ್ ತಯಾರಿಸುವ ಸ್ಥಾವರ, ಅದು ಬೇರೆ ಜಾತಿ.

ಪರೀಕ್ಷೆ ನಡೆಯುವ ಬಗೆ

ಕೂದಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಲೆಯ ಹಿಂಭಾಗದಿಂದ, ಬುಡಕ್ಕೆ ಹತ್ತಿರವಾಗಿ ಒಂದು ಚಿಟಿಕೆ ಕೂದಲು ಕತ್ತರಿಸುತ್ತಾರೆ. ಅದನ್ನು ಅಸಿಟೋನ್‌ನಲ್ಲಿ ಒಮ್ಮೆ, ಶುದ್ಧ ನೀರಿನಲ್ಲಿ ಮೂರು ಬಾರಿ, ಮತ್ತೆ ಅಸಿಟೋನ್‌ನಲ್ಲಿ ಒಮ್ಮೆ ತೊಳೆದು ಒಣಗಿಸುತ್ತಾರೆ. ತೂಕ ಮಾಡಿ, ಪುಟ್ಟ ಪ್ಲಾಸ್ಟಿಕ್ ಅಥವಾ ಸ್ಫಟಿಕಶಿಲೆಯ ಕೊಳವೆಯಲ್ಲಿ ಮುಚ್ಚಿ ರಿಯಾಕ್ಟರಿನೊಳಗೆ ಇಳಿಸುತ್ತಾರೆ. ಜೊತೆಗೆ, ಯಾವ ಧಾತು ಎಷ್ಟಿದೆಯೆಂದು ಮೊದಲೇ ಖಚಿತವಾಗಿ ಗೊತ್ತಿರುವ ಒಂದು ಮಾದರಿಯನ್ನೂ ಇಡುತ್ತಾರೆ. ಎರಡರಿಂದಲೂ ಬರುವ ಕಿರಣಗಳನ್ನು ಹೋಲಿಸಿ ಲೆಕ್ಕ ಹಾಕುತ್ತಾರೆ. ತಕ್ಕಡಿಯಲ್ಲಿ ಬಟ್ಟು ಇಟ್ಟು ತೂಗಿದ ಹಾಗೆ.

ಹೊರತೆಗೆದ ಕೂಡಲೇ ಎಣಿಸಿದರೆ ಪ್ರಯೋಜನವಿಲ್ಲ. ದೇಹದ್ರವಗಳಲ್ಲಿ ಧಾರಾಳವಾಗಿರುವ ಸೋಡಿಯಂ, ಕ್ಲೋರಿನ್‌ಗಳ ಗದ್ದಲವೇ ಮೊದಲು ಕೇಳಿಸುತ್ತದೆ. ಇಲ್ಲಿ ಅರ್ಧಾಯುಷ್ಯದ ವಿಷಯ ಬರುತ್ತದೆ. ವಿಕಿರಣಶೀಲ ಪರಮಾಣುಗಳ ಸಂಖ್ಯೆ ಅರ್ಧಕ್ಕಿಳಿಯಲು ಬೇಕಾದ ಕಾಲವೇ ಅರ್ಧಾಯುಷ್ಯ. ಕ್ಲೋರಿನ್‌ನದು 37 ನಿಮಿಷ, ಮ್ಯಾಂಗನೀಸ್‌ನದು ಎರಡೂವರೆ ಗಂಟೆ, ಸೋಡಿಯಂನದು 15 ಗಂಟೆ, ಆರ್ಸೆನಿಕ್‌ನದು 26 ಗಂಟೆ, ಕ್ರೋಮಿಯಂನದು 28 ದಿನ, ಸೆಲೆನಿಯಂನದು 120 ದಿನ, ಸತುವಿನದು 244 ದಿನ. ಆದ್ದರಿಂದ ಮ್ಯಾಂಗನೀಸ್ ನೋಡಬೇಕಾದರೆ ಅದೇ ದಿನ, ಆರ್ಸೆನಿಕ್ ನೋಡಬೇಕಾದರೆ ಎರಡು ಮೂರು ದಿನ ಬಿಟ್ಟು, ಸತು ಸೆಲೆನಿಯಂ ನೋಡಬೇಕಾದರೆ ವಾರಗಳು ಕಳೆದ ಮೇಲೆ ಎಣಿಸುತ್ತಾರೆ. ಎಣಿಸುವ ಯಂತ್ರದಲ್ಲಿ ಅತಿ ಶುದ್ಧ ಜರ್ಮೇನಿಯಂ ಹರಳೊಂದಿದ್ದು, ಅದನ್ನು ದ್ರವ ಸಾರಜನಕದಿಂದ ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಇಟ್ಟಿರುತ್ತಾರೆ.

ಓದುಗರಿಗೆ ಒಂದು ಅನುಮಾನ ಬರಬಹುದು: ಇದರಿಂದ ರೋಗಿಗೆ ವಿಕಿರಣ ತಾಗುವುದಿಲ್ಲವೇ? ಇಲ್ಲ. ರಿಯಾಕ್ಟರಿಗೆ ಹೋಗುವುದು ಕತ್ತರಿಸಿದ ಕೂದಲು, ಉಗುರಿನ ಚೂರು ಅಥವಾ ಒಣಗಿಸಿದ ರಕ್ತದ ಪುಡಿ. ರೋಗಿ ಮನೆಯಲ್ಲಿ ಆರಾಮವಾಗಿರುತ್ತಾನೆ.

ಇದರ ಗುಣ, ಇದರ ಮಿತಿ

ಈ ವಿಧಾನದ ದೊಡ್ಡ ಗುಣವೆಂದರೆ ಮಾದರಿಯನ್ನು ಆಮ್ಲದಲ್ಲಿ ಕರಗಿಸಬೇಕಾಗಿಲ್ಲ. ಕರಗಿಸುವಾಗ ಆಮ್ಲದಿಂದ, ಪಾತ್ರೆಯಿಂದ, ಗಾಳಿಯ ದೂಳಿನಿಂದ ಲೋಹ ಸೇರಿಕೊಂಡು ಲೆಕ್ಕ ಕೆಡುವ ಭಯವಿರುತ್ತದೆ. ಒಮ್ಮೆ ರಿಯಾಕ್ಟರಿನಿಂದ ಹೊರಬಂದ ಮೇಲೆ ದೂಳು ಬಿದ್ದರೂ ಚಿಂತೆಯಿಲ್ಲ. ದೂಳಿನಲ್ಲಿರುವ ಲೋಹ ನ್ಯೂಟ್ರಾನ್ ಕಂಡಿಲ್ಲವಾದ್ದರಿಂದ ಅದು ಕಿರಣ ಸೂಸುವುದಿಲ್ಲ. ಜೊತೆಗೆ ಒಂದೇ ಚಿಟಿಕೆಯಲ್ಲಿ ಹತ್ತಾರು ಧಾತುಗಳನ್ನು ಒಟ್ಟಿಗೆ ನೋಡಬಹುದು. ಹಾಗಾಗಿ ಬೇರೆ ವಿಧಾನಗಳು ಸರಿಯಾಗಿವೆಯೇ ಎಂದು ತಾಳೆ ನೋಡಲು ಇದನ್ನು ಬಳಸುತ್ತಾರೆ.

ಮಿತಿಗಳೂ ಇವೆ. ಮೊದಲನೆಯದು, ಎಲ್ಲ ಧಾತುಗಳೂ ನ್ಯೂಟ್ರಾನಿಗೆ ಒಂದೇ ರೀತಿ ಓಗೊಡುವುದಿಲ್ಲ. ಆರ್ಸೆನಿಕ್ ಚೆನ್ನಾಗಿ ಓಗೊಡುತ್ತದೆ. ಸೀಸ ಓಗೊಡುವುದು ಇಲ್ಲವೆಂಬಷ್ಟು ಕಡಿಮೆ. ನಮ್ಮ ನಗರದ ಮಕ್ಕಳಿಗೆ ದೊಡ್ಡ ಶತ್ರುವಾದ ಸೀಸವನ್ನು ಈ ಚತುರ ವಿಧಾನ ಕಾಣಲಾರದು! ಅದಕ್ಕೆ ಬೇರೆ ಯಂತ್ರಗಳು ಬೇಕು.

ಎರಡನೆಯದು, ಧಾತು ಎಷ್ಟಿದೆ ಎಂದಷ್ಟೇ ಇದು ಹೇಳುತ್ತದೆ, ಯಾವ ರೂಪದಲ್ಲಿದೆ ಎಂದು ಹೇಳದು. ಇದು ನಮ್ಮ ಪಶ್ಚಿಮ ಬೆಂಗಳೂರಿಗೆ ಮುಖ್ಯವಾದ ಮಾತು. ಪೀಣ್ಯದ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿಕೊಂಡಿರುವುದು ಹಲವು ಬಾರಿ ದಾಖಲಾಗಿದೆ. ರಾಜಾಜಿನಗರ, ವಿಜಯನಗರಗಳ ಚರಂಡಿ ನೀರು ಹೊತ್ತು, ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿ ದಾಟಿ ಬೈರಮಂಗಲದ ಕೆರೆ ಸೇರುವ ವೃಷಭಾವತಿಯಲ್ಲಿ ಲೋಹಗಳಿರುವುದೂ ಹೊಸ ಸುದ್ದಿಯಲ್ಲ. ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳಿಂದ ಹೊರಬರುವ 'ಆರರ' ಕ್ರೋಮಿಯಂ ವಿಷ. ಆಹಾರದಲ್ಲಿರುವ 'ಮೂರರ' ಕ್ರೋಮಿಯಂ ಅಷ್ಟು ಕೆಡುಕಿನದಲ್ಲ. ನ್ಯೂಟ್ರಾನಿಗೆ ಎರಡೂ ಒಂದೇ. ಆರ್ಸೆನಿಕ್‌ನ ವಿಷಯವೂ ಹೀಗೆಯೇ. ಮೀನು, ಸೀಗಡಿಗಳಲ್ಲಿರುವ ಆರ್ಸೆನಿಕ್ ಬಹುಪಾಲು ನಿರಪಾಯಕಾರಿ, ಕೊಳವೆಬಾವಿ ನೀರಿನಲ್ಲಿರುವುದು ಅಪಾಯಕಾರಿ. ಮೂತ್ರದಲ್ಲಿ ಆರ್ಸೆನಿಕ್ ಪರೀಕ್ಷೆಗೆ ಮುಂಚೆ ಮೂರು ನಾಲ್ಕು ದಿನ ಸಮುದ್ರದ ಮೀನು ತಿನ್ನಬೇಡಿ ಎಂದು ಹೇಳುವುದು ಇದಕ್ಕೇ.

ಮೂರನೆಯ ಮಿತಿ ಎಲ್ಲ ವಿಧಾನಗಳಿಗೂ ಸೇರಿದ್ದು. ಮಾದರಿ ತೆಗೆಯುವಾಗಲೇ ಕೆಟ್ಟರೆ ಎಂಥ ಯಂತ್ರವೂ ಅದನ್ನು ಸರಿಮಾಡಲಾರದು. ರಕ್ತದಲ್ಲಿ ಕ್ರೋಮಿಯಂ ಎಷ್ಟು ಎಂದು ಹಿಂದೆ ಪ್ರಕಟವಾದ ಎಷ್ಟೋ ಅಂಕಿಗಳು ನಿಜಕ್ಕಿಂತ ನೂರಾರು ಪಟ್ಟು ಹೆಚ್ಚಾಗಿದ್ದವೆಂದು ಆಮೇಲೆ ತಿಳಿಯಿತು. ಕಾರಣಗಳಲ್ಲಿ ಒಂದು, ರಕ್ತ ತೆಗೆಯುವ ಉಕ್ಕಿನ ಸೂಜಿ! ಬೆಲ್ಜಿಯಂನ ಗೆಂಟ್ ನಗರದ ಸಂಶೋಧಕರು ಇದನ್ನು ನ್ಯೂಟ್ರಾನ್ ವಿಧಾನದಿಂದಲೇ ತೋರಿಸಿಕೊಟ್ಟರು. ನಾನೂ ಈ ತಪ್ಪಿಗೆ ಹೊರತಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ, ಸತುವಿನ ಕೊರತೆಯ ಅನುಮಾನವಿದ್ದ ಮಗುವೊಂದರ ರಕ್ತವನ್ನು ರಬ್ಬರ್ ಬಿರಡೆಯ ಸಾಮಾನ್ಯ ಕೊಳವೆಯಲ್ಲಿ ಕಳಿಸಿದ್ದೆ. ಸತು ಧಾರಾಳವಾಗಿದೆ ಎಂದು ವರದಿ ಬಂತು. ರಬ್ಬರಿನಲ್ಲೇ ಸತು ಇರುತ್ತದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಮಗುವಿಗೆ ಎರಡು ತಿಂಗಳು ತಡವಾಗಿತ್ತು.

ಕೂದಲು, ಉಗುರು ಹೇಳುವ ಕತೆ

ರಕ್ತ ಇಂದಿನ ಸುದ್ದಿ ಹೇಳುತ್ತದೆ, ಮೂತ್ರ ಈ ಕೆಲವು ದಿನಗಳದ್ದು. ಕೂದಲು, ಉಗುರು ಹಾಗಲ್ಲ. ಅವು ಹಳೆಯ ಲೆಕ್ಕದ ಪುಸ್ತಕವಿದ್ದಂತೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ಮೂರು ಸೆಂಟಿಮೀಟರ್ ಎಂದರೆ ಮೂರು ತಿಂಗಳ ದಿನಚರಿ. ಕಾಲಿನ ಉಗುರು ಇನ್ನೂ ನಿಧಾನ, ಹಾಗಾಗಿ ಅದರ ತುದಿಯಲ್ಲಿರುವುದು ಹಲವು ತಿಂಗಳ ಹಿಂದಿನ ವಿಚಾರ. ಅಮೆರಿಕದಲ್ಲಿ ಸಾವಿರಾರು ದಾದಿಯರ ಕಾಲುಗುರು ಸಂಗ್ರಹಿಸಿ, ಮಿಸ್ಸೌರಿ ವಿಶ್ವವಿದ್ಯಾಲಯದ ರಿಯಾಕ್ಟರಿನ ನೆರವಿನಿಂದ ಸೆಲೆನಿಯಂ ಅಳೆದು, ಅದಕ್ಕೂ ಕ್ಯಾನ್ಸರಿಗೂ ನಂಟಿದೆಯೇ ಎಂದು ಹುಡುಕಿದ್ದಾರೆ.

ಕೂದಲಿನ ಖ್ಯಾತ ಪ್ರಕರಣ ನೆಪೋಲಿಯನ್ನನದು. 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಸತ್ತ ಅವನ ಕೂದಲನ್ನು 1960ರ ದಶಕದಲ್ಲಿ ನ್ಯೂಟ್ರಾನ್ ವಿಧಾನದಿಂದ ಪರೀಕ್ಷಿಸಿದಾಗ ಆರ್ಸೆನಿಕ್ ಸಿಕ್ಕಿತು. ಯಾರೋ ವಿಷವಿಕ್ಕಿದರು ಎಂದು ಗುಲ್ಲೆದ್ದಿತು. 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲು, ಮಗನ ಕೂದಲು, ಹೆಂಡತಿ ಜೋಸೆಫೀನಳ ಕೂದಲು ಎಲ್ಲವನ್ನೂ ಪರೀಕ್ಷಿಸಿದರು. ಎಲ್ಲದರಲ್ಲೂ ಆರ್ಸೆನಿಕ್ ಇಂದಿನವರ ಕೂದಲಿಗಿಂತ ಸುಮಾರು ನೂರು ಪಟ್ಟು ಹೆಚ್ಚು! ಆ ಕಾಲದವರೆಲ್ಲರ ಮೈಗೂ ಅದು ಸೇರುತ್ತಿತ್ತು ಎಂದಾಯಿತು. ಒಬ್ಬನ ಕೂದಲಿನ ಅಂಕಿಯನ್ನು ನೆರೆಹೊರೆಯವರ ಅಂಕಿಯೊಡನೆ ಹೋಲಿಸದೆ ತೀರ್ಮಾನಕ್ಕೆ ಬರಬಾರದು ಎಂಬುದು ಇದರ ಪಾಠ.

ನಮ್ಮ ಕಿರದಳ್ಳಿ ತಾಂಡಾ

ಅಷ್ಟು ದೂರ ಹೋಗುವುದೇಕೆ, ನಮ್ಮ ನಾಡಿನಲ್ಲೇ ಕೂದಲು, ಉಗುರುಗಳು ನಿಜ ನುಡಿದ ಪ್ರಕರಣವಿದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ. ಹತ್ತಿರದಲ್ಲೇ ಹಳೆಯ ಚಿನ್ನದ ಗಣಿಗಾರಿಕೆ ನಡೆದಿದ್ದ ಮಂಗಳೂರು ಶಿಲಾಪಟ್ಟಿ ಇದೆ (ಇದು ಕರಾವಳಿಯ ಮಂಗಳೂರಲ್ಲ). ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವುದು ಸಾಮಾನ್ಯ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಪ್ರದೇಶದ 59 ಕೊಳವೆಬಾವಿಗಳ ನೀರಿನಲ್ಲಿ ಶೇ. 79ರಷ್ಟು, ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿದ್ದವು. ಅತಿ ಹೆಚ್ಚಿನದು 303. ಪರೀಕ್ಷಿಸಿದ 181 ಮಂದಿಯಲ್ಲಿ ಶೇ. 58.6ರಷ್ಟು ಜನರ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. 171 ಜನರ ಕೂದಲು, ಉಗುರು ನೋಡಿದರೆ ಒಂದೂ ಬಿಡದಂತೆ ಎಲ್ಲದರಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು.

ಅಲ್ಲಿ ಬಳಸಿದ್ದು ನ್ಯೂಟ್ರಾನ್ ವಿಧಾನವಲ್ಲ. ಪರಮಾಣುಗಳು ಬೆಳಕನ್ನು ಹೀರಿಕೊಳ್ಳುವ ಪ್ರಮಾಣವನ್ನು ಅಳೆಯುವ ಮತ್ತೊಂದು ವಿಧಾನ. ರಿಯಾಕ್ಟರ್ ಬೇಡವಾದ್ದರಿಂದ ಇಂಥ ಯಂತ್ರಗಳು ಊರೂರಿಗೂ ಬರುವಂತಾಯಿತು. ಆದರೆ ಗಮನಿಸಿ: ಅಲ್ಲಿ ಕೂದಲಿನ ಮಾತನ್ನು ನಂಬಿದ್ದು ಏಕೆ? ನೀರು ಅದನ್ನೇ ಹೇಳಿತು, ಮಣ್ಣು ಅದನ್ನೇ ಹೇಳಿತು, ದಪ್ಪಗಟ್ಟಿ ಗಂಟುಗಂಟಾದ ಅಂಗೈ ಅಂಗಾಲುಗಳು, ಮೈಮೇಲಿನ ಕಪ್ಪು ಬಿಳಿ ಚುಕ್ಕೆಗಳು ಅದನ್ನೇ ಹೇಳಿದವು. ನಾಲ್ಕು ಸಾಕ್ಷಿಗಳಲ್ಲಿ ಕೂದಲು ಒಂದು.

ಅಂಗಡಿಯ ಕೂದಲು ಪರೀಕ್ಷೆ

ಇನ್ನು ಹಣ ಕೊಟ್ಟು ಮಾಡಿಸುವ ಕೂದಲು ಪರೀಕ್ಷೆಗೆ ಬರೋಣ. ಅಮೆರಿಕದಲ್ಲಿ 1985ರಲ್ಲಿ ಇಬ್ಬರು ಆರೋಗ್ಯವಂತ ಹುಡುಗಿಯರ ಕೂದಲನ್ನು 13 ಪ್ರಯೋಗಾಲಯಗಳಿಗೆ ಕಳಿಸಿದರು. ಒಂದರ ವರದಿ ಇನ್ನೊಂದಕ್ಕೆ ಹೊಂದಲಿಲ್ಲ, ಇಲ್ಲದ ರೋಗಗಳಿಗೆಲ್ಲ ಮಾತ್ರೆಗಳ ಸಲಹೆ ಬಂತು. 2001ರಲ್ಲಿ ಒಬ್ಬರದೇ ಕೂದಲನ್ನು ಭಾಗ ಮಾಡಿ ಆರು ಪ್ರಯೋಗಾಲಯಗಳಿಗೆ ಕಳಿಸಿದಾಗ, 12 ಖನಿಜಗಳ ಅಂಕಿಗಳಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರವಿತ್ತು.

ಅದಕ್ಕೆ ಕಾರಣಗಳಿವೆ. ಕೂದಲು ಹೊರಗಿನ ಗಾಳಿ, ನೀರು, ದೂಳಿನಿಂದಲೂ ಲೋಹ ಹೀರಿಕೊಳ್ಳುತ್ತದೆ. ತೊಳೆದರೂ ಪೂರ್ತಿ ಹೋಗದು. ತಲೆಹೊಟ್ಟಿಗೆ ಬಳಸುವ ಕೆಲವು ಶಾಂಪೂಗಳಲ್ಲಿ ಸೆಲೆನಿಯಂ, ಕೆಲವದರಲ್ಲಿ ಸತು ಇರುತ್ತದೆ. ಇನ್ನು ಅಪೌಷ್ಟಿಕತೆ ತೀವ್ರವಾದರೆ ಕೂದಲು ಬೆಳೆಯುವುದೇ ನಿಧಾನವಾಗಿ, ದೇಹದಲ್ಲಿ ಸತು ಕಡಿಮೆಯಿದ್ದರೂ ಕೂದಲಿನಲ್ಲಿ ಸರಿಯಾಗಿರುವಂತೆ ಕಾಣಬಹುದು!

'ಲೋಹ ಇಳಿಸುವ' ಔಷಧಿಗಳೂ ಆಟದ ಸಾಮಾನಲ್ಲ. ಅವು ದೇಹಕ್ಕೆ ಬೇಕಾದ ಸತು, ತಾಮ್ರ, ಕ್ಯಾಲ್ಸಿಯಂಗಳನ್ನೂ ಹೊತ್ತೊಯ್ಯುತ್ತವೆ. 2005ರಲ್ಲಿ ಅಮೆರಿಕದಲ್ಲಿ ಇಂಥ ಚಿಕಿತ್ಸೆಯ ವೇಳೆ ರಕ್ತದ ಕ್ಯಾಲ್ಸಿಯಂ ಕುಸಿದು ಐದು ವರ್ಷದ ಬಾಲಕನೊಬ್ಬ ತೀರಿಕೊಂಡ.

ಮತ್ತೆ ಆ ಹುಡುಗ

ನಮ್ಮ ಹುಡುಗನ ತಾಯಿಯನ್ನು ನಾನು ಮೂರು ಪ್ರಶ್ನೆ ಕೇಳಿದೆ. ಮೊದಲನೆಯದು, ತಲೆಗೆ ಏನು ಹಾಕ್ತೀರಿ? ತಲೆಹೊಟ್ಟಿಗೆಂದು ಔಷಧಿ ಶಾಂಪೂ. ಸೆಲೆನಿಯಂ ಕೆಂಪಾದದ್ದಕ್ಕೆ ಉತ್ತರ ಸಿಕ್ಕಿತು. ಎರಡನೆಯದು, ಯಜಮಾನರಿಗೆ ಎಲ್ಲಿ ಕೆಲಸ? ಕಾಮಾಕ್ಷಿಪಾಳ್ಯದ ಕಡೆ ಹಳೆ ಬ್ಯಾಟರಿ ಬಿಚ್ಚಿ ರಿಪೇರಿ ಮಾಡುವ ಅಂಗಡಿ. ಮೂರನೆಯದು, ಮನೆ ಎಲ್ಲಿ?

"ಅಂಗಡಿ ಹಿಂದೇನೇ ಡಾಕ್ಟ್ರೇ. ಇವನು ಅಲ್ಲೇ ಆಡ್ಕೊಂಡಿರ್ತಾನೆ."

ವರದಿಯ ನಾಲ್ಕು ಪುಟಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಹಿಮೋಗ್ಲೋಬಿನ್ ಮತ್ತು ತೋಳಿನ ರಕ್ತನಾಳದಿಂದ ಸೀಸದ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 8.4 ಗ್ರಾಂ. ಸೀಸ ಡೆಸಿಲೀಟರಿಗೆ 24 ಮೈಕ್ರೋಗ್ರಾಂ. ಎರಡು ವರ್ಷದ ತಂಗಿಯನ್ನೂ ಕರೆಸಿ ನೋಡಿದರೆ 17. ಮಗುವಿನ ರಕ್ತದಲ್ಲಿ 5 ಮುಟ್ಟಿದರೆ ಮೂಲ ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ.

ಬೆಂಗಳೂರಿಗೆ ಇದು ಹೊಸದೂ ಅಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ದೇಶದ ಗಮನಕ್ಕೆ ತಂದವರಲ್ಲಿ ಪ್ರಮುಖರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೂ ಬ್ಯಾಟರಿ ಅಂಗಡಿ, ಹಳೆಯ ಬಣ್ಣದ ಹಕ್ಕಳೆ, ಸೀಸ ಬೆರೆತ ಕಲಾಯಿ, ಕೆಲವು ಕಾಡಿಗೆ, ಸಿಂಧೂರ, ಕಲಬೆರಕೆ ಅರಿಸಿನ ಉಳಿದಿವೆ.

ಹುಡುಗನಿಗೆ ಲೋಹ ಇಳಿಸುವ ಔಷಧಿ ಕೊಡಲಿಲ್ಲ. 45 ತಲುಪಿದರೆ ಅದನ್ನು ಆಸ್ಪತ್ರೆಯಲ್ಲಿಟ್ಟು ಕೊಡುತ್ತಾರೆ. ಕಬ್ಬಿಣದ ಔಷಧಿ, ಹೊಟ್ಟೆತುಂಬ ಊಟ, ಮೊಳಕೆ ರಾಗಿಯ ಅಂಬಲಿ ಶುರುಮಾಡಿದೆವು. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿರುವ ಕರುಳು ಸೀಸವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ. ಮೊಳಕೆ ಬರಿಸಿದರೆ ಕಬ್ಬಿಣ ಮತ್ತು ಸತುವನ್ನು ಹಿಡಿದಿಡುವ ಫೈಟೇಟ್ ಅಂಶ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಔಷಧಿ ಮನೆ ಬದಲಾಯಿಸಿದ್ದು. ಅದು ಅವರಿಗೆ ಸುಲಭವಾಗಿರಲಿಲ್ಲ. ಮುಂಗಡ ಹೊಂದಿಸಲು ಎರಡು ತಿಂಗಳು ಬೇಕಾಯಿತು. ತಂದೆ ಈಗ ಅಂಗಡಿಯಲ್ಲೇ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ ಮನೆಗೆ ಬರುತ್ತಾರೆ.

ಆರು ತಿಂಗಳ ಮೇಲೆ ಹುಡುಗನ ಸೀಸ 11ಕ್ಕೆ ಇಳಿದಿತ್ತು. ಬಳಪ ತಿನ್ನುವುದು ನಿಂತಿದೆ. ಪೂರ್ತಿ ಗೆದ್ದೆವೆಂದು ಹೇಳಲಾರೆ. ಮೂಳೆ ಸೇರಿದ ಸೀಸ ವರ್ಷಗಟ್ಟಲೆ ಉಳಿಯುತ್ತದೆ, ಕಲಿಕೆಯಲ್ಲಿ ಆದ ನಷ್ಟ ಎಷ್ಟೆಂದು ಮುಂದೆ ತಿಳಿಯಬೇಕು. ತಂಗಿಗೆ ಬೇಗ ಗೊತ್ತಾಯಿತಲ್ಲ ಎಂಬುದೇ ಸಮಾಧಾನ.

ನೆನಪಿಡಬೇಕಾದ ಮಾತುಗಳು

1. ಸೀಸದ ಅನುಮಾನವಿದ್ದರೆ ರಕ್ತ ಪರೀಕ್ಷೆಯೇ ಬೇಕು. ಕೂದಲಿನ ಅಂಕಿಯೊಂದನ್ನೇ ನಂಬಿ ಔಷಧಿ ತೆಗೆದುಕೊಳ್ಳಬೇಡಿ.

2. ಮಗು ಮಣ್ಣು, ಬಳಪ, ಸುಣ್ಣ ತಿನ್ನುತ್ತಿದ್ದರೆ ಬೈಯುವ ಮುಂಚೆ ಹಿಮೋಗ್ಲೋಬಿನ್ ನೋಡಿಸಿ.

3. ಬ್ಯಾಟರಿ, ಪ್ಲೇಟಿಂಗ್, ಪೇಂಟ್, ಬೆಸುಗೆ ಕೆಲಸದವರು ಕೆಲಸದ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

4. ಕುದಿಸಿದರೆ ನೀರಿನ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕೈಗಾರಿಕಾ ಪ್ರದೇಶದ ಹತ್ತಿರ ಕೊಳವೆಬಾವಿ ನೀರು ಕುಡಿಯುವವರು ಅದನ್ನು ಒಮ್ಮೆ ಲೋಹಗಳಿಗಾಗಿ ಪರೀಕ್ಷೆ ಮಾಡಿಸಿ.

5. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಸತುವನ್ನು ದಿನಕ್ಕೆ 20 ಮಿಲಿಗ್ರಾಂನಂತೆ (ಆರು ತಿಂಗಳೊಳಗಿನ ಕೂಸಿಗೆ 10) ಹತ್ತರಿಂದ ಹದಿನಾಲ್ಕು ದಿನ ಕೊಡಬೇಕು. ಭೇದಿ ನಿಂತಿತೆಂದು ನಡುವೆ ಬಿಡಬೇಡಿ.

6. ಊಟದ ಜೊತೆ ಕಾಫಿ, ಟೀ ಬೇಡ. ಒಂದು ಹೋಳು ನಿಂಬೆಹಣ್ಣು ಇರಲಿ. ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ.

ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ವರದಿಯ ಜೊತೆಗೆ ನೀವು ಎಲ್ಲಿ ವಾಸಿಸುತ್ತೀರಿ, ಏನು ಕೆಲಸ ಮಾಡುತ್ತೀರಿ, ಯಾವ ನೀರು ಕುಡಿಯುತ್ತೀರಿ ಎಂಬುದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.